ಅಕ್ಕನ ಪಾಲಿನ ಗುಂಡಿ

ವಿಡಿಯೋ ಗೇಮ್‌ನ ಕಥೆ ಇರುವುದು ಪರದೆಯ ಮೇಲಲ್ಲ, ಆಡುವವರ ಬೆರಳಲ್ಲಿ ಎಂಬುದು ಆ ಅಭಿಮಾನಿಯ ಸಿದ್ಧಾಂತ. ನಲವತ್ತು ದಾಟಿದ ಆಸಾಮಿ. ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ, ತಿಂಗಳಾದರೆ ಮನೆ ಸಾಲದ ಕಂತು ಕಟ್ಟುತ್ತಾನೆ. ಆದರೂ ಯಾರಾದರೂ ಬಾಯಿ ತಪ್ಪಿ ‘ಆ ಗೇಮನ್ನು ಸಿನಿಮಾ ಮಾಡಿದ್ದಾರಂತಲ್ಲ’ ಎಂದರೆ ಮುಗಿಯಿತು. ಎದುರಿಗಿರುವವರ ಕಾಫಿ ಆರುವ ತನಕ ಬಿಡುವವನಲ್ಲ. ಅವನ ಮಾತನ್ನು ನಡುವೆ ತಡೆಯಬಲ್ಲವಳು ಒಬ್ಬಳೇ, ಅಕ್ಕ.

ಆ ಅಧಿಕಾರ ಅವಳಿಗೆ ತೊಂಬತ್ತರ ದಶಕದಲ್ಲೇ ಬಂದದ್ದು. ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳು ಆಗ ನಮ್ಮ ಕಡೆಯ ಅಂಗಡಿಗಳಿಗೂ ಬಂದಿದ್ದವು. ಟಿ.ವಿ.ಯ ಹಿಂದೆ ವೈರು ಸಿಕ್ಕಿಸಿ ಕ್ಯಾಸೆಟ್ ತುರುಕಿದರೆ ಆಟ ಶುರು. ಕ್ಯಾಸೆಟ್ಟಿನ ಮೇಲೆ ಸಾವಿರಾರು ಆಟಗಳಿವೆ ಎಂದು ಬರೆದಿರುತ್ತಿತ್ತು. ಎಣಿಸಿದರೆ ಹತ್ತಿಪ್ಪತ್ತು, ಉಳಿದವೆಲ್ಲ ಅವೇ ಆಟಗಳು ವೇಷ ಬದಲಿಸಿ ಬಂದಂಥವು. ಅದರಲ್ಲಿ 1985ರ ‘ಸೂಪರ್ ಮೇರಿಯೊ ಬ್ರದರ್ಸ್’ ಇದ್ದೇ ಇರುತ್ತಿತ್ತು. ಇಬ್ಬರು ಆಡುವುದಾದರೆ ಅದರ ನಿಯಮ ಕಠಿಣ. ಮೊದಲನೆಯವರ ಮೇರಿಯೊ ಸಾಯಬೇಕು, ಆಮೇಲೆಯೇ ಎರಡನೆಯವರ ಲೂಯಿಜಿಗೆ ಸರದಿ. ಒಂದನೇ ನಂಬರಿನ ಕಂಟ್ರೋಲರನ್ನು ತಮ್ಮ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಕ್ಕ ಎರಡನೆಯದನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಯಾವಾಗ ಸಾಯುತ್ತಾನೋ ಎಂದು ಕಾಯುತ್ತಿದ್ದಳು. ಕಾದದ್ದೇ ಹೆಚ್ಚು, ಆಡಿದ್ದು ಕಡಿಮೆ. ಪಿ.ಯು.ಸಿ. ಹೊತ್ತಿಗೆ ಕಾಯುವುದನ್ನೂ ಬಿಟ್ಟಳು.

ಮೇರಿಯೊನ ಕಥೆಯನ್ನು ಬರೆಯಲು ಒಂದು ಅಂಚೆ ಕಾರ್ಡೂ ಹೆಚ್ಚು. ರಾಜಕುಮಾರಿಯನ್ನು ಹೊತ್ತೊಯ್ದಿದ್ದಾರೆ, ಬಿಡಿಸಿ ತರಬೇಕು, ಅಷ್ಟೆ. ರುಚಿಯಿರುವುದು ಅವನ ನೆಗೆತದಲ್ಲಿ. ಗುಂಡಿಯನ್ನು ಮುಟ್ಟಿ ಬಿಟ್ಟರೆ ಕುಪ್ಪಳಿಸುತ್ತಾನೆ, ಒತ್ತಿ ಹಿಡಿದರೆ ಎತ್ತರಕ್ಕೆ ಹಾರುತ್ತಾನೆ, ಗಾಳಿಯಲ್ಲಿರುವಾಗಲೂ ಸ್ವಲ್ಪ ಆಚೀಚೆ ವಾಲಿಸಬಹುದು. ಒತ್ತುವ ಗುಂಡಿ ಒಂದು ಕ್ಷಣ ತಡವಾದರೆ ಬೀಳುವ ಗುಂಡಿ ಕೆಳಗೆ ಕಾದಿರುತ್ತದೆ. 1993ರಲ್ಲಿ ಹಾಲಿವುಡ್‌ನವರು ಇದನ್ನು ಸಿನಿಮಾ ಮಾಡಿದಾಗ ಕಾರ್ಡಿನಲ್ಲಿದ್ದುದನ್ನು ಹಿಗ್ಗಿಸಿದರು, ನೆಗೆತವನ್ನು ಬಿಟ್ಟರು. ಬಾಬ್ ಹಾಸ್ಕಿನ್ಸ್‌ನಂಥ ನಟನಿದ್ದೂ, ಡೈನೋಸಾರ್‌ಗಳಿಂದ ಹುಟ್ಟಿಬಂದ ಜನರ ಆ ಕತ್ತಲು ನಗರದಲ್ಲಿ ಚಿತ್ರ ಕಳೆದುಹೋಯಿತು. ಮೂವತ್ತು ವರ್ಷದ ಮೇಲೆ, 2023ರಲ್ಲಿ, ಕಾರ್ಟೂನ್ ಚಿತ್ರವಾಗಿ ಬಂದ ಮೇರಿಯೊ 130 ಕೋಟಿ ಡಾಲರಿಗೂ ಹೆಚ್ಚು ಗಳಿಸಿದ. ಅದರಲ್ಲಿ ಅಣ್ಣತಮ್ಮಂದಿರು ಬ್ರೂಕ್ಲಿನ್ ಬೀದಿಯಲ್ಲಿ ಓಡುವಾಗ ಕ್ಯಾಮೆರಾ ಆಟದಲ್ಲಿದ್ದ ಹಾಗೆಯೇ ಪಕ್ಕದಿಂದ ಜೊತೆಗೆ ಸಾಗುತ್ತದೆ. ಆ ದೃಶ್ಯಕ್ಕೆ ತನ್ನ ಹೆಬ್ಬೆರಳು ತಾನಾಗಿ ಅಲುಗಿತು ಎನ್ನುತ್ತಾನೆ ಅಭಿಮಾನಿ. ದುಡ್ಡು ಬಂದದ್ದು ಅದರಿಂದಲೇ ಎಂದು ವಾದಿಸುವುದು ಮಾತ್ರ ಅವನ ಮೊಂಡುತನ. ಮಕ್ಕಳಿಗೆ ರಜೆಯ ಹೊತ್ತಿಗೆ ಒಂದು ಚಿತ್ರ ಬೇಕಿತ್ತು ಎಂಬುದೂ ಕಾರಣವಿರಬಹುದು.

ಅವನ ಇನ್ನೊಂದು ಉದಾಹರಣೆ ಹೆಚ್ಚು ಗಟ್ಟಿ. 1996ರ ‘ರೆಸಿಡೆಂಟ್ ಈವಿಲ್’ ಒಂದು ಹಾಳು ಬಂಗಲೆಯ ಆಟ. ಕ್ಯಾಮೆರಾ ಕೋಣೆಯ ಮೂಲೆಯಲ್ಲೆಲ್ಲೋ ಕೂತಿರುತ್ತದೆ. ಮೇಲಿನ ಗುಂಡಿ ಒತ್ತಿದರೆ ಪಾತ್ರ ಪರದೆಯಲ್ಲಿ ಮೇಲಕ್ಕೆ ಹೋಗುವುದಿಲ್ಲ, ತನ್ನ ಮುಖ ಯಾವ ಕಡೆಗಿದೆಯೋ ಆ ಕಡೆಗೆ ನಡೆಯುತ್ತದೆ. ತಿರುಗಬೇಕಾದರೆ ಯುದ್ಧದ ಟ್ಯಾಂಕಿನ ಹಾಗೆ ನಿಧಾನವಾಗಿ ತಿರುಗಬೇಕು. ಬಾಗಿಲಲ್ಲಿ ಹೆಣ ಎದ್ದು ಬರುತ್ತಿದೆ, ಇಲ್ಲಿ ಎಡ ಯಾವುದು ಬಲ ಯಾವುದು ಎಂದು ಕೈ ತಡವರಿಸುತ್ತಿದೆ! ಆಡಿದವರು ಆ ನಿಯಂತ್ರಣವನ್ನು ಬೈದರು, ಈಗಲೂ ಬೈಯುತ್ತಾರೆ. ಅವನು ಮಾತ್ರ, ಭಯವೆಲ್ಲ ಅಲ್ಲೇ ಇತ್ತು, ಕನಸಿನಲ್ಲಿ ಓಡಲು ಹೊರಟಾಗ ಕಾಲು ಏಳದ ಹಾಗೆ, ಎನ್ನುತ್ತಾನೆ. 2002ರ ಚಿತ್ರದಲ್ಲಿ ಆಟದಲ್ಲೇ ಇಲ್ಲದ ಆಲಿಸ್ ಎಂಬ ನಾಯಕಿ ಗೋಡೆಯ ಮೇಲೆ ಓಡಿ, ಎಗರಿ ಬಂದ ನಾಯಿಯನ್ನು ಗಾಳಿಯಲ್ಲೇ ಒದೆಯುತ್ತಾಳೆ. ಹಾಗೆ ಒದೆಯಬಲ್ಲವಳಿಗಾಗಿ ಯಾರು ಹೆದರುತ್ತಾರೆ?

ಜಗಳ ಹತ್ತಿದ್ದು ‘ದ ಲಾಸ್ಟ್ ಆಫ್ ಅಸ್’ ವಿಷಯಕ್ಕೆ. 2013ರ ಆಟ, 2023ರಲ್ಲಿ ಧಾರಾವಾಹಿಯಾಯಿತು. ಮಗಳನ್ನು ಕಳೆದುಕೊಂಡ ಜೋಯಲ್ ಎಂಬಾತ, ಬೇರೆಯವರ ಹುಡುಗಿಯೊಬ್ಬಳನ್ನು ಹಾಳುಬಿದ್ದ ಅಮೆರಿಕದ ಉದ್ದಕ್ಕೂ ಕರೆದೊಯ್ಯುವ ಕಥೆ. ಮಾವಿನ ಕಾಲಕ್ಕೆ ತವರಿಗೆ ಬಂದ ಅಕ್ಕ, ಅದನ್ನು ನೋಡಿ ಅತ್ತೆನೆಂದಳು. ತಮ್ಮನಿಗೆ ಅಷ್ಟೇ ಸಾಕಾಯಿತು.

“ನೀನು ನೋಡಿದೆ ಅಷ್ಟೇ ಕಣೇ. ಕೊನೆಗೆ ಆಪರೇಷನ್ ಕೋಣೆಯಲ್ಲಿ ಡಾಕ್ಟರನ್ನು ಕೊಲ್ಲುವುದು ಜೋಯಲ್ ಅಲ್ಲ, ನಾನು. ನಾನು ಗುಂಡಿ ಒತ್ತದಿದ್ದರೆ ಆಟ ಮುಂದಕ್ಕೇ ಹೋಗುವುದಿಲ್ಲ. ಒತ್ತಲಾರದೆ ಎಷ್ಟು ಹೊತ್ತು ನಿಂತಿದ್ದೆ ಗೊತ್ತಾ?”

“ಹಾಗಾದರೆ ಕೊಡು ಇಲ್ಲಿ, ನಾನೂ ಒತ್ತುತ್ತೇನೆ,” ಎಂದು ಅಕ್ಕ ಕೈ ಚಾಚಿದಳು.

ಮೊದಲಿಂದ ಹಾಕಿಕೊಟ್ಟ. ಆಗಿನ ಕಂಟ್ರೋಲರಿನಲ್ಲಿ ಎಡಕ್ಕೊಂದು ಕೂಡಿಸುವ ಚಿಹ್ನೆ, ಬಲಕ್ಕೆರಡು ಗುಂಡಿ, ನಡುವೆ ಇನ್ನೆರಡು. ಆ ಕೂಡಿಸುವ ಚಿಹ್ನೆ ಗುನ್ಪೆಯಿ ಯೊಕೊಯಿ ಎಂಬಾತ 1982ರಲ್ಲಿ ನಿಂಟೆಂಡೊದ ಕೈಯಾಟಿಕೆಗಾಗಿ ಮಾಡಿದ್ದು. ಮಗುವಿನ ಹೆಬ್ಬೆರಳಿಗೂ ಅರ್ಥವಾಗುತ್ತಿತ್ತು. ಈಗಿನದರಲ್ಲಿ ಎರಡು ಪುಟ್ಟ ಕೋಲುಗಳು, ಸುತ್ತ ಹತ್ತು ಹನ್ನೆರಡು ಗುಂಡಿಗಳು. ಎಡಗೋಲಿನಿಂದ ನಡೆಯಬೇಕು, ಅದೇ ಹೊತ್ತಿಗೆ ಬಲಗೋಲಿನಿಂದ ದೃಷ್ಟಿ ತಿರುಗಿಸಬೇಕು. ಆಟ ಶುರುವಾಗುವುದು ಜೋಯಲ್‌ನ ಮಗಳಿಂದ. ರಾತ್ರಿ ಎದ್ದು ಅಪ್ಪನನ್ನು ಹುಡುಕುವ ಆ ಹುಡುಗಿಯನ್ನು ಆಡುವವರೇ ನಡೆಸಬೇಕು. ಅಕ್ಕನ ಕೈಯಲ್ಲಿ ಹುಡುಗಿ ಚಾವಣಿ ನೋಡಿದಳು, ನೆಲ ನೋಡಿದಳು, ಗೋಡೆಗೆ ಮುಖ ಉಜ್ಜಿಕೊಂಡು ನಡೆದಳು. ಹತ್ತು ನಿಮಿಷವಾದರೂ ಮನೆಯಿಂದ ಹೊರಗೆ ಬರಲಿಲ್ಲ.

“ಇಷ್ಟೆಲ್ಲ ಕಲಿತ ಮೇಲೆ ಅಳಬೇಕೇನೋ?” ಎಂದು ಅಕ್ಕ ಕಂಟ್ರೋಲರನ್ನು ಕೆಳಗಿಟ್ಟಳು. “ಸೀರಿಯಲ್‌ನಲ್ಲಿ ಸುಮ್ಮನೆ ಕೂತೇ ಅತ್ತೆನಲ್ಲ.”

ಅವನಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ತನ್ನ ಬೆರಳಿಗೆ ಮೂವತ್ತು ವರ್ಷದ ಅಭ್ಯಾಸವಿದೆ. ಆ ಅಭ್ಯಾಸ ಒಂದನೇ ನಂಬರಿನ ಕಂಟ್ರೋಲರ್ ಹಿಡಿದು ಶುರುವಾದದ್ದು ಎಂಬುದೂ ನೆನಪಾಗಿರಬೇಕು. ಧಾರಾವಾಹಿಯವರು ಬೆರಳಿಲ್ಲದೆ ಮಾಡಿದ್ದನ್ನು ಅವನು ಅಂದು ಮೊದಲ ಬಾರಿಗೆ ಒಪ್ಪಿದ. ಮಗಳನ್ನು ಆಡುವವರ ಕೈಗೆ ಕೊಡಲಾಗದೆ, ಅವಳ ಇಡೀ ದಿನವನ್ನೇ ತೋರಿಸಿದರು. ಅಪ್ಪನ ಗಡಿಯಾರ ರಿಪೇರಿಗೆ ಒಯ್ಯುವುದನ್ನೂ ಬಿಡಲಿಲ್ಲ. ಮೂರನೆಯ ಕಂತಿನ ಬಿಲ್ ಮತ್ತು ಫ್ರ್ಯಾಂಕ್ ಕಥೆಯಂತೂ ಆಟಕ್ಕೆ ಸಾಧ್ಯವೇ ಇಲ್ಲದ್ದು. ಆಟದಲ್ಲಿ ಸಿಗುವುದು ಫ್ರ್ಯಾಂಕ್‌ನ ಹೆಣ ಮತ್ತು ಒಂದು ಕಹಿ ಚೀಟಿ. ಧಾರಾವಾಹಿಯಲ್ಲಿ ಅವರಿಬ್ಬರೂ ವರ್ಷಗಟ್ಟಲೆ ಸಂಸಾರ ಮಾಡುತ್ತಾರೆ, ಸ್ಟ್ರಾಬೆರಿ ಬೆಳೆಯುತ್ತಾರೆ, ಮುದುಕರಾಗುತ್ತಾರೆ. ಸಂಸಾರ ಮಾಡಲು ಯಾವ ಗುಂಡಿ ಒತ್ತುವುದು?

ಅಷ್ಟು ಒಪ್ಪಿದರೂ ಸುಮ್ಮನಾಗಲಿಲ್ಲ. ಮರುದಿನ ಮಧ್ಯಾಹ್ನ ಬೇರೊಂದು ಆಟ ಹಾಕಿದ. ‘ಬ್ರದರ್ಸ್: ಎ ಟೇಲ್ ಆಫ್ ಟು ಸನ್ಸ್’, 2013ರದ್ದೇ. ಅದನ್ನು ಮಾಡಿದ ಜೋಸೆಫ್ ಫಾರೆಸ್, ಲೆಬನಾನಿನಲ್ಲಿ ಹುಟ್ಟಿ ಸ್ವೀಡನ್ನಿನಲ್ಲಿ ಬೆಳೆದವನು, ಸಿನಿಮಾ ನಿರ್ದೇಶಕ. ಎಲ್ಲರೂ ಆಟವನ್ನು ಸಿನಿಮಾ ಮಾಡಹೊರಟರೆ ಇವನು ಸಿನಿಮಾ ಬಿಟ್ಟು ಆಟಕ್ಕೆ ಬಂದ. ಕಾಯಿಲೆಯ ಅಪ್ಪನಿಗೆ ಸಂಜೀವಿನಿಯಂಥ ನೀರು ತರಲು ಹೊರಟ ಅಣ್ಣತಮ್ಮಂದಿರ ಕಥೆ. ಮಾತೆಲ್ಲ ಯಾರಿಗೂ ತಿಳಿಯದ ಕಟ್ಟುಭಾಷೆ. ಎಡಗೋಲು ಅಣ್ಣನದು, ಬಲಗೋಲು ತಮ್ಮನದು. ಎಡ ತೋರುಬೆರಳಿನ ಗುಂಡಿಗೆ ಅಣ್ಣನ ಕೈ, ಬಲದ್ದಕ್ಕೆ ತಮ್ಮನ ಕೈ. ಒಬ್ಬರೇ ಆಡಲೆಂದು ಮಾಡಿದ್ದು. ಇವರು ಒಂದೇ ಕಂಟ್ರೋಲರನ್ನು ಇಬ್ಬರ ನಡುವೆ ಹಿಡಿದುಕೊಂಡರು. ಎಡ ಅರ್ಧ ಅಕ್ಕನಿಗೆ, ಬಲ ಅರ್ಧ ತಮ್ಮನಿಗೆ.

ಒಂದು ಕೋಲು, ಒಂದು ಗುಂಡಿ. ಅಕ್ಕನಿಗೆ ಅರ್ಧ ಗಂಟೆಯಲ್ಲಿ ಕೈ ಕೂತಿತು. ಅಮ್ಮ ಮುಳುಗಿ ಸತ್ತದ್ದನ್ನು ಕಂಡ ತಮ್ಮನಿಗೆ ನೀರೆಂದರೆ ಭಯ. ಹೊಳೆ ಬಂದಾಗಲೆಲ್ಲ ಅಣ್ಣ ಬೆನ್ನ ಮೇಲೆ ಹೊತ್ತು ಈಜುತ್ತಾನೆ. “ಆಗಲೂ ನಿನ್ನನ್ನು ಹೀಗೇ ಹೊತ್ತಿದ್ದು,” ಎಂದು ಅಕ್ಕ ನಕ್ಕಳು. ಕೊನೆಯ ಹತ್ತಿರ ಅಣ್ಣ ಸಾಯುತ್ತಾನೆ. ತಮ್ಮನೇ ಅವನನ್ನು ಎಳೆದು ತಂದು ಮಣ್ಣು ಮಾಡಬೇಕು. ಅಕ್ಕನ ಕೋಲಿಗೆ ಪರದೆಯ ಮೇಲೆ ಏನೂ ಅಲುಗಲಿಲ್ಲ. ಅವಳು ಕಣ್ಣೊರೆಸಿಕೊಂಡು, ಕೈ ಬಿಟ್ಟು, ಕಾಫಿಗಿಡಲು ಒಳಗೆ ಹೋದಳು.

ಊರು ಹತ್ತಿರ ಬಂತು. ನಡುವೆ ನೀರು. ತಮ್ಮನ ಗುಂಡಿಯನ್ನು ಎಷ್ಟು ಒತ್ತಿದರೂ ಹುಡುಗ ದಡದಲ್ಲೇ ನಿಂತ. ಏನು ಮಾಡಬೇಕೆಂದು ಅಭಿಮಾನಿಗೆ ಚೆನ್ನಾಗಿ ಗೊತ್ತು, ಹಿಂದೆ ಒಬ್ಬನೇ ಆಡಿ ಮುಗಿಸಿದವನು. ಎಡಗೈ ಬೆರಳು ಚಾಚಿದರೆ ಸಿಗುವಷ್ಟು ದೂರದಲ್ಲಿ ಗುಂಡಿ ಇತ್ತು. ಚಾಚಲಿಲ್ಲ.

“ಅಕ್ಕಾ, ಬಾ ಇಲ್ಲಿ. ನಿನ್ನ ಕೈ ಬೇಕು.”

“ನನ್ನವನು ಸತ್ತನಲ್ಲೋ?”

“ಬಾ ಅಂದೆನಲ್ಲ.”

ಸ್ಟವ್ ಸಣ್ಣ ಮಾಡಿ ಬಂದು ಕೂತಳು. ತನ್ನ ಅರ್ಧವನ್ನು ಹಿಡಿದು, ಅಣ್ಣನ ಗುಂಡಿಯನ್ನು ಒತ್ತಿದಳು. ಹುಡುಗ ನೀರಿಗಿಳಿದ.