ಇರೋದು ಒಂದೇ ಬಾಲ್

ಕಾಲೇಜಿನಲ್ಲಿ ನಾನು ಪಾಯಿಂಟ್ ಗಾರ್ಡ್. ಅಂದರೆ ಬಾಲ್ ತಂದು, ಯಾರು ಎಲ್ಲಿ ನಿಲ್ಲಬೇಕು ಅಂತ ಕೈಸನ್ನೆ ಮಾಡಿ, ಪಾಸ್ ಯಾರಿಗೆ ಹೋಗಬೇಕು ಅಂತ ತೀರ್ಮಾನ ಮಾಡೋನು. ಮದುವೆ ಮನೇಲಿ ಬಡಿಸೋರ ಕೆಲಸ ಅನ್ನಿ, ತಾನು ಉಣ್ಣೋದು ಕೊನೇ ಪಂಕ್ತಿಯಲ್ಲಿ. ಹತ್ತು ವರ್ಷದ ಐಟಿ ಕೆಲಸ, ಒಂದು ಕೆಟ್ಟ ಮಂಡಿ, ಇಷ್ಟಾದ ಮೇಲೂ ಭಾನುವಾರ ಬೆಳಗ್ಗೆ ಜಯನಗರದ ಕೋರ್ಟಿಗೆ ಹೋಗ್ತೀನಿ. ಅಲ್ಲಿ ನನ್ನ ಜಾಗ ಯಾವತ್ತೂ ನನ್ನದೇ ಅಂದುಕೊಂಡಿದ್ದೆ.

ಹೋದ ವರ್ಷ ಒಬ್ಬ ಹುಡುಗ ಬಂದ. ಇಪ್ಪತ್ತಮೂರು ವಯಸ್ಸು. ಬಾಲ್ ಕೈಗೆ ಸಿಕ್ಕಿದರೆ ಬಿಡೋನಲ್ಲ. ತಾನೇ ತರ್ತಾನೆ, ತಾನೇ ನುಗ್ತಾನೆ, ತಾನೇ ಹಾಕ್ತಾನೆ, ಅಡ್ಡ ಬಂದರೆ ತಾನೇ ಪಾಸ್ ಕೊಡ್ತಾನೆ. ಸಿಟ್ಟು ಬರೋದು ಯಾಕೆ ಗೊತ್ತಾ? ಅವನು ಮಾಡೋದು ಸರಿಯಾಗೇ ಇರುತ್ತೆ. ಎರಡನೇ ವಾರ ಬಂದು, "ಅಣ್ಣ, ನೀವು ಆ ಕಾರ್ನರಲ್ಲಿ ನಿಂತ್ಕೊಂಡ್ರೆ ಸಾಕು" ಅಂದ. ಮೂರನೇ ವಾರ ನಾನು ಹೋಗಲಿಲ್ಲ. ಮಂಡಿ ನೋವು ಅಂತ ಗ್ರೂಪಿನಲ್ಲಿ ಮೆಸೇಜ್ ಹಾಕಿದೆ. ಮಂಡಿ ನೋಯ್ತಿರಲಿಲ್ಲ.

ಬಾಲ್ ಬಿಡದ ಇಂಥ ಗಾರ್ಡಿನ ಪಕ್ಕ ನನ್ನಂಥ ಹಳೇ ಕಾಲದ ಪಾಯಿಂಟ್ ಗಾರ್ಡ್ ಬೇಕಾ, ಬೇಡವಾ? ಎನ್‌ಬಿಎ ನೋಡೋರಿಗೆ ಇದು ಹಳೇ ಜಗಳ. 2016ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಕೋಚ್ ಮೈಕ್ ಡ್ಯಾಂಟೋನಿ, ಅಲ್ಲಿವರೆಗೆ ಶೂಟಿಂಗ್ ಗಾರ್ಡ್ ಆಗಿದ್ದ ಜೇಮ್ಸ್ ಹಾರ್ಡನ್ ಕೈಗೆ ಇಡೀ ಆಟ ಒಪ್ಪಿಸಿದರು. ಆ ಸೀಸನ್ ಹಾರ್ಡನ್ ಪಂದ್ಯಕ್ಕೆ ಸರಾಸರಿ 11.2 ಅಸಿಸ್ಟ್ ಕೊಟ್ಟು ಇಡೀ ಲೀಗಿಗೇ ಮೊದಲಿಗನಾದ. ಇನ್ನೊಬ್ಬ ಬಡಿಸೋನು ಯಾಕೆ ಬೇಕು ಹೇಳಿ? ಆದರೂ 2017ರ ಬೇಸಿಗೆಯಲ್ಲಿ ರಾಕೆಟ್ಸ್ ಕ್ರಿಸ್ ಪಾಲ್‌ನನ್ನ ಕರೆತಂತು. ಪಾಯಿಂಟ್ ಗಾರ್ಡ್ ಅನ್ನೋ ಪದಕ್ಕೆ ಫೋಟೋ ಹಾಕೋದಾದರೆ ಅವನದ್ದೇ ಹಾಕಬೇಕು. ನನ್ನ ರೂಮ್‌ಮೇಟ್, "ಒಂದು ಒರೆಗೆ ಎರಡು ಕತ್ತಿ, ಕ್ರಿಸ್‌ಮಸ್ ಹೊತ್ತಿಗೆ ಜಗಳ ನೋಡು ಮಗಾ" ಅಂದಿದ್ದ.

ಆ ಸೀಸನ್ ರಾಕೆಟ್ಸ್ 82ರಲ್ಲಿ 65 ಪಂದ್ಯ ಗೆದ್ದಿತು. ಆ ತಂಡದ ಇತಿಹಾಸದಲ್ಲೇ ಅತಿ ಹೆಚ್ಚು. ಡ್ಯಾಂಟೋನಿ ಮಾಡಿದ್ದು ಸರಳ. ಇಬ್ಬರನ್ನೂ ಒಟ್ಟಿಗೆ ಬೆಂಚಿಗೆ ಕರೀದೆ, ಒಬ್ಬ ಕೂತಾಗ ಇನ್ನೊಬ್ಬ ಆಡಿಸೋ ಹಾಗೆ ನಿಮಿಷ ಹಂಚಿದರು. ಇಬ್ಬರೂ ಕೋರ್ಟಿನಲ್ಲಿದ್ದಾಗ, ಬಾಲ್ ಹಾರ್ಡನ್ ಹತ್ತಿರ ಇದ್ದರೆ ಪಾಲ್ ದೂರ ನಿಂತು ತ್ರೀ ಪಾಯಿಂಟರ್‌ಗೆ ರೆಡಿ.

ಮುಂದೆ ಆಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. 2018ರ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್, ಎದುರಾಳಿ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಐದನೇ ಪಂದ್ಯ ಗೆದ್ದು ರಾಕೆಟ್ಸ್ 3-2 ಮುಂದೆ. ಅದೇ ಪಂದ್ಯದ ಕೊನೆಯಲ್ಲಿ ಪಾಲ್ ಹ್ಯಾಮ್‌ಸ್ಟ್ರಿಂಗ್ ಹಿಡ್ಕೊಂಡ. ಆರನೇದು ಸೋತರು. ಏಳನೇ ಪಂದ್ಯದ ದಿನ ನಾನು, ರೂಮ್‌ಮೇಟ್ ಬೆಳಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಿದ್ವಿ. ಅರ್ಧ ಆಟಕ್ಕೆ 11 ಪಾಯಿಂಟ್ ಮುಂದಿದ್ದ ತಂಡ, ಸಾಲಾಗಿ 27 ತ್ರೀ ಪಾಯಿಂಟರ್ ಮಿಸ್ ಮಾಡಿ ಮನೆಗೆ ಹೋಯ್ತು. ನಾವು ಆಫೀಸಿಗೆ ಹೋದ್ವಿ. ಅವತ್ತು ನನಗನ್ನಿಸಿದ್ದು ಇಷ್ಟು: ಹಾರ್ಡನ್‌ಗೆ ಪಾಸ್ ಕೊಡೋಕೆ ಬರ್ತಿತ್ತು. ಅವನಿಗೆ ಬೇಕಾಗಿದ್ದು, ಸುಸ್ತಾದಾಗ ಬಾಲ್ ಇಸ್ಕೊಳ್ಳೋ ಒಂದು ಜೊತೆ ಕೈ.

ಹಾಗಂತ ಎರಡನೇ ಬಾಲ್ ಹ್ಯಾಂಡ್ಲರ್ ಯಾರಾದರೂ ನಡೆಯುತ್ತೆ ಅಂತಲ್ಲ. 2019ರಲ್ಲಿ ಪಾಲ್‌ನನ್ನ ಕೊಟ್ಟು ರಸೆಲ್ ವೆಸ್ಟ್‌ಬ್ರೂಕ್‌ನನ್ನ ತಂದರು. ಎಂಥಾ ವೇಗ! ಆದರೆ ದೂರದಿಂದ ಹೊಡೆಯೋದು ಅವನಿಗೆ ಒಲಿದಿದ್ದಲ್ಲ. ಎದುರಾಳಿಗಳು ಅವನನ್ನ ಬಿಟ್ಟು ಹಾರ್ಡನ್ ಸುತ್ತ ಮುತ್ತಿದರು. ಮೈಕೆಲ್ ಜೋರ್ಡನ್ ಪಕ್ಕ ಇದ್ದೋರನ್ನ ನೋಡಿ. ಜಾನ್ ಪ್ಯಾಕ್ಸನ್, ಸ್ಟೀವ್ ಕರ್. ಇಬ್ಬರೂ ಆಟ ಆಡಿಸೋರಲ್ಲ, ಕಾದು ಹೊಡೆಯೋರು. 1997ರ ಫೈನಲ್‌ನ ಆರನೇ ಪಂದ್ಯದಲ್ಲಿ ಜೋರ್ಡನ್ ಮೇಲೆ ಇಬ್ಬರು ಬಿದ್ದಾಗ ಪಾಸ್ ಹೋಗಿದ್ದು ಕರ್‌ಗೆ, ಗೆಲುವಿನ ಬುಟ್ಟಿ ಅವನದು.

ಇನ್ನೊಂದು ಉದಾಹರಣೆ ಡಲ್ಲಾಸ್‌ನದು. 2022ರ ಪ್ಲೇಆಫ್ ಮೊದಲ ಸುತ್ತಲ್ಲಿ ಲೂಕಾ ಡಾನ್ಚಿಚ್ ಗಾಯವಾಗಿ ಮೂರು ಪಂದ್ಯ ಕೂತ. ಅಲ್ಲಿವರೆಗೆ ಪಕ್ಕವಾದ್ಯದ ಹಾಗಿದ್ದ ಜೇಲನ್ ಬ್ರನ್ಸನ್ ಎರಡನೇ ಪಂದ್ಯದಲ್ಲಿ 41 ಪಾಯಿಂಟ್ ಹೊಡೆದ. ಮೂರರಲ್ಲಿ ಎರಡು ಗೆದ್ದರು. ಆ ಬೇಸಿಗೆ ಬ್ರನ್ಸನ್ ನ್ಯೂಯಾರ್ಕ್‌ಗೆ ಹೋದ. ಮರುವರ್ಷ ಡಲ್ಲಾಸ್ 38 ಪಂದ್ಯ ಗೆದ್ದು ಪ್ಲೇಆಫ್ ಕೂಡ ಮುಟ್ಟಲಿಲ್ಲ.

ಹಾಗಾಗಿ ನನ್ನ ಉತ್ತರ: ಸಾಂಪ್ರದಾಯಿಕ ಪಾಯಿಂಟ್ ಗಾರ್ಡ್ ಬೇಡ. ಬಾಲ್ ಇಲ್ಲದಾಗಲೂ ಎದುರಾಳಿಗೆ ಭಯ ಹುಟ್ಟಿಸೋನು, ಬಾಲ್ ಬಂದಾಗ ತಬ್ಬಿಬ್ಬಾಗದೆ ಆಡಿಸೋನು ಬೇಕು. ಹಳಬನೊಬ್ಬ ಅಂಥೋನಾಗಬಹುದು, ಮೂಲೇಲಿ ನಿಲ್ಲೋದು ಅವಮಾನ ಅಂದುಕೊಳ್ಳದಿದ್ದರೆ. ಎನ್‌ಬಿಎ ಕೋರ್ಟಿನಲ್ಲಿ ತ್ರೀ ಪಾಯಿಂಟ್ ಗೆರೆ ಎದುರಿನಿಂದ 23 ಅಡಿ 9 ಇಂಚು, ಕಾರ್ನರ್‌ನಿಂದ 22 ಅಡಿ. ಆ ಹುಡುಗ ನನ್ನನ್ನ ಕಳಿಸಿದ್ದು ಕೋರ್ಟಿನ ಬೆಲೆಬಾಳೋ ಜಾಗಕ್ಕೆ. ನನಗೆ ಅದು ಸ್ಟೋರ್ ರೂಮ್ ಥರ ಕಂಡಿತ್ತು, ಅಷ್ಟೇ.

ನಾಲ್ಕನೇ ವಾರ ಹೋದೆ. ಅರ್ಧ ಗಂಟೆ ಮುಂಚೆ ಹೋಗಿ ಕಾರ್ನರ್‌ನಿಂದ ಹೊಡೆಯೋದು ಅಭ್ಯಾಸ ಮಾಡಿದೆ. ಎರಡು ತಿಂಗಳಾಯ್ತು. ಒಂದು ಭಾನುವಾರ ಆಟದ ಮಧ್ಯೆ ಹುಡುಗನ ಫೋನ್ ಬಡ್ಕೊಳ್ತು. ಆ ವಾರ ಆನ್-ಕಾಲ್ ಇದ್ದನಂತೆ. ಬೆವರು ಒರೆಸಿಕೊಳ್ಳುತ್ತಾ ಲ್ಯಾಪ್‌ಟಾಪ್ ತೆಗೆದು ಗೋಡೆಗೆ ಒರಗಿ ಕೂತ. ಹತ್ತು ನಿಮಿಷ ಬಾಲ್ ನನ್ನ ಕೈಲಿತ್ತು. ನಾಲ್ಕು ಪಾಯಿಂಟ್ ಮುಂದಿದ್ವಿ, ಅವನು ವಾಪಸ್ ಬಂದಾಗಲೂ ನಾಲ್ಕೇ ಮುಂದಿದ್ವಿ.

ಬಾಲ್ ಅವನಿಗೆ ಕೊಟ್ಟು ನಾನು ಕಾರ್ನರಿಗೆ ಹೋದೆ. ಅವನು ನುಗ್ಗಿದ, ಮೂವರು ಅವನ ಮೇಲೆ ಬಿದ್ದರು, ಬಾಲ್ ನನಗೆ ಬಂತು. ಹೊಡೆದೆ. ರಿಮ್ಮಿಗೆ ಬಡಿದು ಹೊರಗೆ ಹೋಯ್ತು.

ಮುಂದಿನ ಸಲವೂ ಅವನು ನನಗೇ ಕೊಟ್ಟ.