ಅರ್ಜಿ ಬರೆದು ಕಟ್ಟಿದ ಚರ್ಚು

ಬಾನ್ಸ್ಕೊ, ಬಲ್ಗೇರಿಯ

ಪ್ರೀತಿಯ ಅಣ್ಣ,

ಪಿರಿನ್ ಬೆಟ್ಟಸಾಲಿನ ಬುಡದಲ್ಲಿರುವ ಈ ಚಿಕ್ಕ ಊರಿಗೆ ಹೊರಗಿನವರು ಈಗ ಬರುವುದು ಹೆಚ್ಚಾಗಿ ಹಿಮದ ಮೇಲೆ ಸ್ಕೀಯಿಂಗ್ ಮಾಡಲು. ಬೇಸಿಗೆಯಲ್ಲಾದರೆ 2914 ಮೀಟರ್ ಎತ್ತರದ ವಿಹ್ರೆನ್ ಶಿಖರದ ಸೆಳೆತ. ಇವೆರಡೂ ಬೇಡವಾದವರು ಹಳೆಯ ಪೇಟೆಯ ಕಲ್ಲುಹಾಸಿನ ಬೀದಿಗಳಲ್ಲಿ ನಡೆದು ಸ್ವೆತಾ ತ್ರೋಯಿತ್ಸಾ, ಎಂದರೆ ಪವಿತ್ರ ತ್ರಿತ್ವದ ಚರ್ಚಿನ ಮುಂದೆ ಬಂದು ನಿಲ್ಲುತ್ತಾರೆ. ಮೊದಲು ಕಣ್ಣಿಗೆ ಬೀಳುವುದು ಚರ್ಚಲ್ಲ, ಅದರ ಪೌಳಿಗೋಡೆ: ಒಂದು ಮೀಟರ್ ದಪ್ಪ, ನಾಲ್ಕು ಮೀಟರ್ ಎತ್ತರ. ಅದರೊಳಗೆ 1835ರಲ್ಲಿ ಮುಗಿದ ಭಾರಿ ಕಲ್ಲಿನ ಕಟ್ಟಡ. ಅದಕ್ಕೆ ಜೊತೆಯಾಗಿ 1850ರಲ್ಲಿ ಎದ್ದ 30 ಮೀಟರ್ ಎತ್ತರದ ಗಂಟೆಗೋಪುರ. ಎರಡೂ ಎದ್ದದ್ದು ಆಟೊಮನ್ ಸುಲ್ತಾನರ ಆಳ್ವಿಕೆಯಲ್ಲಿ. ಊರವರು ಹೇಳುವ ಕಥೆ ಹೀಗಿದೆ: ಹೊಸ ಚರ್ಚು ಕಟ್ಟಲು ಅನುಮತಿ ಇರಲಿಲ್ಲ, ಹಳೆಯ ಚರ್ಚಿದ್ದ ಜಾಗವಾದರೆ ಮಾತ್ರ ಕಟ್ಟಬಹುದಿತ್ತು. ಅದಕ್ಕಾಗಿ ಜನ ರಾತ್ರಿ ಹೊತ್ತಿನಲ್ಲಿ ಒಂದು ಹಳೆಯ ಸಂತಪಟವನ್ನು ನೆಲದಲ್ಲಿ ಹೂತು, ಆಮೇಲೆ ಅದನ್ನು ಎಲ್ಲರ ಎದುರು ಅಗೆದು ತೆಗೆದರು. ಲಾಜರ್ ಗೆರ್ಮನ್ ಎಂಬ ಊರ ಮುಖಂಡ ಮುಂದೆ ನಿಂತು ಪರವಾನಗಿ ತಂದ. ಮೊದಲು ಎತ್ತರದ ಗೋಡೆ ಎಬ್ಬಿಸಿ, ಅದರ ಮರೆಯಲ್ಲಿ, ಮಂಜೂರಾದ ಅಳತೆಗಿಂತ ಬಹಳ ದೊಡ್ಡ ಚರ್ಚು ಕಟ್ಟಿದರು.

ಕೇಳಲು ಚೆಂದದ ಕಥೆ. ಆಳುವವರ ಕಣ್ಣಿಗೆ ಮಣ್ಣೆರಚಿ ಗೆದ್ದ ಕಥೆ ಯಾರಿಗೆ ತಾನೆ ಹಿಡಿಸುವುದಿಲ್ಲ? ಆದರೆ ಇದನ್ನು ಇಷ್ಟಕ್ಕೇ ನಿಲ್ಲಿಸಿದರೆ ಬಾನ್ಸ್ಕೊದ ಜನಕ್ಕೆ ಸಲ್ಲಬೇಕಾದ ಮನ್ನಣೆಯಲ್ಲಿ ಅರ್ಧವನ್ನು ಕಿತ್ತುಕೊಂಡಂತೆ ಆಗುತ್ತದೆ ಎಂಬುದು ನನ್ನ ವಾದ. ಈ ಚರ್ಚು ನಿಂತಿರುವುದು ಮೋಸದ ಮೇಲೂ ಅಲ್ಲ, ದಂಗೆಯ ಮೇಲೂ ಅಲ್ಲ. ಕಾನೂನನ್ನು ಅರೆದು ಕುಡಿದು, ಹಣ ಕೂಡಿಸಿ, ಹೊತ್ತು ನೋಡಿ, ಅರ್ಜಿ ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದ ತಾಳ್ಮೆಯ ಮೇಲೆ. ನಾಲ್ಕು ಮೀಟರಿನ ಗೋಡೆ ಇಷ್ಟು ಎತ್ತರದ ಕಟ್ಟಡವನ್ನು ಮರೆಮಾಡುವುದು ಸಾಧ್ಯವೇ ಇಲ್ಲ. ಕಣಿವೆಯ ಆಡಳಿತದ ಊರಾಗಿದ್ದ ಮೆಹೊಮಿಯಾ, ಇಂದಿನ ರಾಜ್ಲೋಗ್, ಇಲ್ಲಿಂದ ಕೂಗಳತೆಯಲ್ಲಲ್ಲದಿದ್ದರೂ ನಡೆದು ಹೋಗುವಷ್ಟು ಹತ್ತಿರ. ಎರಡು ವರ್ಷ ಕಲ್ಲು, ಸುಣ್ಣ, ಮರ ಸಾಗಿದ್ದು ಅಲ್ಲಿನ ಅಧಿಕಾರಿಗಳಿಗೆ ತಿಳಿಯಲಿಲ್ಲವೆಂದು ನಂಬುವುದು ಕಷ್ಟ. ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಬಿಟ್ಟರು ಎನ್ನುವುದೇ ಹೆಚ್ಚು ಒಪ್ಪುವ ಮಾತು. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ, ಅವರು ಬಿಡುವಂತೆ ಮಾಡಿದ್ದು ಏನು?

ಇದಕ್ಕೆ ಮೊದಲು ಕಾನೂನು ನೋಡಬೇಕು. ಆಟೊಮನ್ ಸಾಮ್ರಾಜ್ಯ ಅನುಸರಿಸಿದ ಹನಫಿ ಪಂಥದ ಧರ್ಮಶಾಸ್ತ್ರದ ಪ್ರಕಾರ ಕ್ರೈಸ್ತ ಪ್ರಜೆಗಳು ಹೊಸದಾಗಿ ಚರ್ಚು ಕಟ್ಟುವಂತಿಲ್ಲ. ಮೊದಲಿನಿಂದ ಇದ್ದದ್ದು ಬಿದ್ದರೆ, ಸುಟ್ಟರೆ, ಅದೇ ಜಾಗದಲ್ಲಿ ಅದೇ ಅಳತೆಯಲ್ಲಿ ದುರಸ್ತಿ ಮಾಡಬಹುದು. ದುರಸ್ತಿಗೂ ಸುಲ್ತಾನನ ಫರ್ಮಾನು ಬೇಕು. ಖಾಜಿ ಬಂದು ಜಾಗ ನೋಡಿ, ಅಳತೆ ತೆಗೆದು, ಸಾಕ್ಷಿ ಕೇಳಿ ವರದಿ ಬರೆಯಬೇಕು. ಶಾಸ್ತ್ರದಲ್ಲಿ ಹೀಗಿದ್ದರೂ ವ್ಯವಹಾರದಲ್ಲಿ ಬೇರೆಯೇ ನಡೆಯುತ್ತಿತ್ತೆಂಬುದನ್ನು ರೊಸಿತ್ಸಾ ಗ್ರಾದೆವಾ ಅವರಂಥ ಬಲ್ಗೇರಿಯನ್ ಇತಿಹಾಸಕಾರರು ಖಾಜಿಗಳ ದಫ್ತರಗಳನ್ನು ಓದಿ ತೋರಿಸಿದ್ದಾರೆ. ಶಾಸ್ತ್ರಕ್ಕೂ ವ್ಯವಹಾರಕ್ಕೂ ನಡುವಿನ ಈ ತೆರಪಿನಲ್ಲಿಯೇ ನೂರಾರು ಊರುಗಳ ಚರ್ಚುಗಳು ಎದ್ದವು. ಈಗ ಹೂತಿಟ್ಟ ಸಂತಪಟದ ಕಥೆಯನ್ನು ಮತ್ತೆ ನೋಡು. ಅದು ನಿಜವಾಗಿ ನಡೆಯಿತೋ ಇಲ್ಲವೋ ಸಾಬೀತು ಮಾಡಲಾಗದು. ಇಂಥ ಕಥೆಗಳು ಬಾಲ್ಕನ್ ನಾಡಿನಲ್ಲಿ ಬೇರೆ ಕಡೆಯೂ ಇವೆ ಎಂದು ನೀನು ಆಕ್ಷೇಪ ಎತ್ತಿದರೆ ಒಪ್ಪುತ್ತೇನೆ. ಆದರೆ ಕಥೆ ಕಟ್ಟಿದವನು ಕಾನೂನಿನ ಯಾವ ಅಂಶ ಮುಖ್ಯವೆಂದು ಸರಿಯಾಗಿ ತಿಳಿದಿದ್ದ. ಕತ್ತಿಯಿಂದ ಗೆದ್ದೆವು ಎಂದು ಅವನು ಹೇಳಲಿಲ್ಲ. ಇಲ್ಲಿ ಮೊದಲೇ ಒಂದು ಚರ್ಚು ಇತ್ತೆಂಬುದಕ್ಕೆ ಪುರಾವೆ ಒದಗಿಸಿದೆವು ಎಂದ. ಖಾಜಿಯ ಮುಂದೆ ನಿಲ್ಲುವ ಪುರಾವೆ ಯಾವುದೆಂದು ಒಂದು ಬೆಟ್ಟದೂರಿನ ಜನಕ್ಕೆ ಗೊತ್ತಿತ್ತಲ್ಲ, ಅದೇ ಈ ಕಥೆಯಲ್ಲಿ ನಾನು ಗಟ್ಟಿಯಾಗಿ ಹಿಡಿಯುವ ಸತ್ಯ.

ಇನ್ನು ಹೊತ್ತಿನ ಮಾತು. 1833ರಿಂದ 1835, ಸುಲ್ತಾನ ಎರಡನೇ ಮಹಮೂದನ ಕಾಲ. 1826ರಲ್ಲಿ ಅವನು ತನ್ನ ಜಾನಿಸರಿ ಪಡೆಯನ್ನೇ ಅಳಿಸಿಹಾಕಿದ್ದ. 1827ರಲ್ಲಿ ನವರಿನೊದಲ್ಲಿ ನೌಕಾಪಡೆ ಮುಳುಗಿತು. 1829ರ ಸಂಧಿಯಲ್ಲಿ ರಷ್ಯಕ್ಕೆ ತಲೆಬಾಗಬೇಕಾಯಿತು. ಗ್ರೀಸ್ ಕೈಬಿಟ್ಟು ಹೋಯಿತು. ಉಳಿದ ಕ್ರೈಸ್ತ ಪ್ರಜೆಗಳಾದರೂ ಗ್ರೀಕರ ದಾರಿ ಹಿಡಿಯದಿರಲಿ ಎಂಬುದು ಅವನ ಆಸ್ಥಾನದ ಚಿಂತೆಯಾಗಿದ್ದರೆ ಆಶ್ಚರ್ಯವಿಲ್ಲ. 1837ರಲ್ಲಿ ಅವನೇ ಬಲ್ಗೇರಿಯನ್ ಊರುಗಳನ್ನು ಸುತ್ತಿ ಬಂದ. ಬಾನ್ಸ್ಕೊದ ಉತ್ತರಕ್ಕೆ ಬೆಟ್ಟಗಳಾಚೆ ಇರುವ ರೀಲಾ ಮಠ 1833ರ ಜನವರಿಯಲ್ಲಿ ಸುಟ್ಟುಹೋದಾಗ ಅದನ್ನು ಮತ್ತೆ ಕಟ್ಟಲು ಫರ್ಮಾನು ಸಿಕ್ಕಿತು. 1834ರಲ್ಲಿ ಅಲ್ಲಿನ ಮುಖ್ಯ ಚರ್ಚಿನ ಕೆಲಸ ಶುರುವಾಯಿತು. ಬಾನ್ಸ್ಕೊದ ಕೆಲಸವೂ ಅದೇ ವರ್ಷಗಳದ್ದು. ಚರ್ಚು ಎದ್ದದ್ದು 1839ರ ಸುಧಾರಣೆಯ ಘೋಷಣೆಗಿಂತ ನಾಲ್ಕು ವರ್ಷ ಮೊದಲು. ಗಂಟೆಗೋಪುರ ಎದ್ದದ್ದು ಕ್ರೈಸ್ತರಿಗೆ ಸಮಾನತೆ ಸಾರಿದ 1856ರ ಘೋಷಣೆಗಿಂತ ಆರು ವರ್ಷ ಮೊದಲು. ಎಷ್ಟೋ ಕಾಲ ಚರ್ಚುಗಳಲ್ಲಿ ಗಂಟೆ ಬಾರಿಸಲು ಬಿಡದೆ, ಜನರು ಮರದ ಹಲಗೆಯನ್ನು ಕೊಡತಿಯಿಂದ ಬಡಿದು ಪೂಜೆಗೆ ಕರೆಯುತ್ತಿದ್ದ ನಾಡು ಇದು. ಅಂಥಲ್ಲಿ ಕಾನೂನು ಬದಲಾಗುವ ಮೊದಲೇ 30 ಮೀಟರಿನ ಗಂಟೆಗೋಪುರ ಎದ್ದಿದೆ ಎಂದರೆ, ಕಾನೂನು ಸಡಿಲವಾದ ಮೇಲೆ ಚರ್ಚು ಬಂತು ಎಂಬ ಸುಲಭದ ವಿವರಣೆ ಬಿದ್ದುಹೋಗುತ್ತದೆ. ಊರು ಮುಂದೆ ನಡೆಯಿತು, ಘೋಷಣೆ ಹಿಂದೆ ಬಂತು.

ಹಣ ಎಲ್ಲಿಂದ ಬಂತೆಂಬುದು ಊರಿನ ಹಳೆಯ ಮನೆಗಳನ್ನು ನೋಡಿದರೇ ಗೊತ್ತಾಗುತ್ತದೆ. ಬಾನ್ಸ್ಕೊದ ವ್ಯಾಪಾರಿಗಳು ಏಜಿಯನ್ ತೀರದ ಬಯಲಿನ ಹತ್ತಿಯನ್ನು ಕುದುರೆಗಳ ಮೇಲೆ ಹೇರಿ ಮಧ್ಯ ಯುರೋಪಿನವರೆಗೆ ಸಾಗಿಸುತ್ತಿದ್ದರು. ವಿಯೆನ್ನಾದಲ್ಲಿ ಅವರ ಅಂಗಡಿಗಳಿದ್ದವು. ಅವರಲ್ಲೊಬ್ಬ, ಮಾರ್ಕೊ ತೆಯೊದೊರೊವಿಚ್, 1792ರಲ್ಲಿ ವಿಯೆನ್ನಾದಲ್ಲಿ ಮಕ್ಕಳ ಅಕ್ಷರಮಾಲೆಯ ಪುಸ್ತಕ ಅಚ್ಚು ಹಾಕಿಸಿದ. ಮತ್ತೊಬ್ಬ, ಹಾಜಿ ವುಲ್ಚೊ, ಆಥೊಸ್ ಬೆಟ್ಟದ ಮಠಗಳಿಗೆ ಧಾರಾಳವಾಗಿ ದಾನ ಮಾಡಿದ. ಇದೇ ವ್ಯಾಪಾರದ ದಾರಿ ಕಲೆಯನ್ನೂ ತಂದಿತು. ತೊಮಾ ವಿಶಾನೊವ್ ಎಂಬ ಬಾನ್ಸ್ಕೊದ ಚಿತ್ರಕಾರ ವಿಯೆನ್ನಾದಲ್ಲಿ ಕಲಿತು ಬಂದು, ಬೈಜಾಂಟಿಯಮ್ಮಿನ ಬಿಗುವಾದ ಸಂತರ ಮುಖಗಳಿಗೆ ಬರೋಕ್ ಶೈಲಿಯ ನೆರಳು ಬೆಳಕು ಕೊಟ್ಟ; ಅವನ ವಂಶದವರು ಮೊಲೆರೊವ್ ಎಂದು ಹೆಸರಾದರು. ಹೊಸ ಚರ್ಚಿನ ಸಂತಪಟಗಳಲ್ಲಿ ದಿಮಿತರ್ ಮತ್ತು ಸಿಮೆಯೊನ್ ಮೊಲೆರೊವ್ ಅವರ ಕೈ ಇದೆ. ಕಟ್ಟಿದ ಮೇಸ್ತ್ರಿ ಗ್ಲಿಗೊರ್ ದೊಯುವ್ ಊರಿನವನೇ. ಅಲಂಕಾರಕ್ಕೆ ಮಾತ್ರ ವೆಲ್ಯಾನ್ ಒಗ್ನೆವ್ ಎಂಬ ಪರವೂರಿನ ಕುಶಲಿ ಬಂದ. ಪಾದ್ರಿಗಳು ಬಲಿಪೂಜೆ ನಡೆಸುವ ಒಳಭಾಗವನ್ನು ಜನ ನಿಲ್ಲುವ ಭಾಗದಿಂದ ಬೇರ್ಪಡಿಸುವ ಕೆತ್ತನೆಯ ಮರದ ತೆರೆ ಆರ್ಥೊಡಾಕ್ಸ್ ಚರ್ಚುಗಳ ಜೀವಾಳ. ಅದಕ್ಕೆ ಇಲ್ಲಿ ಅವನ ಕೈಕೆಲಸ ದಕ್ಕಿದೆ. ಅವನ ಹೆಸರಿನ ಮನೆ ಇಂದಿಗೂ ಚರ್ಚಿನಿಂದ ಸ್ವಲ್ಪ ದೂರದಲ್ಲಿ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಇಷ್ಟೆಲ್ಲ ಒಟ್ಟುಗೂಡಿಸಿದವರು ರಾತ್ರೋರಾತ್ರಿ ಕದ್ದು ಕಟ್ಟುವವರಲ್ಲ. ಕಟ್ಟಿದ್ದು ತಲೆಮಾರುಗಳು ಉಳಿಯುತ್ತದೆ ಎಂಬ ಭರವಸೆ ಇಲ್ಲದೆ ಯಾವ ವ್ಯಾಪಾರಿಯೂ ಇಷ್ಟು ಹಣ ಕಲ್ಲಿಗೆ ಸುರಿಯುವುದಿಲ್ಲ. ಆ ಭರವಸೆ ಕೊಡುವುದು ಗೋಡೆಯಲ್ಲ, ಮೊಹರು ಬಿದ್ದ ಕಾಗದ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಬಾಗಿಲ ಮೇಲೆ ಶಿಲುಬೆಯ ಜೊತೆಗೆ ಅರ್ಧಚಂದ್ರವನ್ನೂ ಕೆತ್ತಿದ್ದಾರಲ್ಲ, ತಮ್ಮ ದೇವರ ಮನೆಯ ಮೇಲೆ ಆಳುವವರ ಗುರುತು ಹಾಕಿಕೊಳ್ಳಬೇಕಾಗಿ ಬಂದದ್ದು ಅವಮಾನವಲ್ಲವೇ? ಅವಮಾನವೇ. ಅದನ್ನು ಸೌಹಾರ್ದದ ಚಿಹ್ನೆಯೆಂದು ಪ್ರವಾಸಿಗರಿಗೆ ಸವಿಮಾತಿನಲ್ಲಿ ಹೇಳುವುದನ್ನು ನಾನು ಒಪ್ಪಲಾರೆ. ಸರಿಸಮಾನರ ನಡುವೆ ಆಗುವುದು ಸೌಹಾರ್ದ. ಇಲ್ಲಿ ಒಬ್ಬ ಕೊಡುವವನು, ಇನ್ನೊಬ್ಬ ಬೇಡುವವನು. ಆದರೆ ಅದನ್ನು ಸೋಲಿನ ಗುರುತೆಂದು ಓದುವುದೂ ತಪ್ಪು. ಆ ಚಂದ್ರ ಒಂದು ರಸೀತಿಯಂತೆ: ಇಷ್ಟು ತೆತ್ತು ಇಷ್ಟು ಪಡೆದೆವು ಎಂಬುದಕ್ಕೆ ಸಾಕ್ಷಿ. ತೆತ್ತದ್ದು ಬಾಗಿಲ ಮೇಲೆ ಒಂದು ಗುರುತು; ಪಡೆದದ್ದು ಅದರ ಹಿಂದಿನ ಇಡೀ ಕಟ್ಟಡ. ಸ್ವಾತಂತ್ರ್ಯ ಬಂದ ಮೇಲೂ ಜನ ಅದನ್ನು ಕೆತ್ತಿ ಅಳಿಸದೆ ಬಿಟ್ಟಿರುವುದು ನನಗೆ ತುಂಬ ಗೌರವದ ಸಂಗತಿಯಾಗಿ ಕಾಣುತ್ತದೆ.

ಇನ್ನೂ ಗಂಭೀರವಾದ ಆಕ್ಷೇಪ ಬತಾಕ್‌ನಿಂದ ಬರುತ್ತದೆ. ರೊಡೋಪ್ ಬೆಟ್ಟಗಳ ಆ ಊರಿನ ಸ್ವೆತಾ ನೆದೆಲ್ಯಾ ಚರ್ಚನ್ನು 1813ರಲ್ಲಿ ಕಟ್ಟಿದರು. ಎಪ್ಪತ್ತೈದೇ ದಿನಗಳಲ್ಲಿ ಕಟ್ಟಿ ಮುಗಿಸಿದರೆಂದು ಅಲ್ಲಿಯ ನಂಬಿಕೆ. 1876ರ ಏಪ್ರಿಲ್ ಬಂಡಾಯವನ್ನು ಹತ್ತಿಕ್ಕುವಾಗ ಆ ಊರಿನ ಸಾವಿರಾರು ಜನರನ್ನು ಕೊಂದರು. ಕೊನೆಯ ಆಸರೆಯೆಂದು ಚರ್ಚಿನೊಳಗೆ ಹೊಕ್ಕಿದ್ದ ಹೆಂಗಸರು ಮಕ್ಕಳೂ ಉಳಿಯಲಿಲ್ಲ. ಅಮೆರಿಕದ ಪತ್ರಕರ್ತ ಜನುವೇರಿಯಸ್ ಮೆಕ್‌ಗಹನ್ ಲಂಡನ್ನಿನ ಡೈಲಿ ನ್ಯೂಸ್ ಪತ್ರಿಕೆಗೆ ಕಳಿಸಿದ ವರದಿಗಳು ಯುರೋಪನ್ನೇ ನಡುಗಿಸಿದವು. ಮೊಹರು ಬಿದ್ದ ಕಾಗದದ ಬೆಲೆ ಇಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಅಪ್ಪಣೆಯಿಂದ ಬಂದದ್ದು ಹಕ್ಕಲ್ಲ, ಕೊಟ್ಟವನು ಕಿತ್ತುಕೊಳ್ಳಬಲ್ಲ ಎಂಬುದನ್ನು ಒಪ್ಪಿಯೇ ಮುಂದೆ ಮಾತಾಡಬೇಕು. ಆಟೊಮನ್ನರು ಉದಾರಿಗಳಾಗಿದ್ದರು, ಆದ್ದರಿಂದ ಬಾನ್ಸ್ಕೊದಲ್ಲಿ ಚರ್ಚು ಎದ್ದಿತು ಎಂದು ನಾನು ಹೇಳುತ್ತಿಲ್ಲ. ಉದಾರತೆ ಇದ್ದಿದ್ದರೆ ಅಷ್ಟು ಜಾಣ್ಮೆ ಯಾಕೆ ಬೇಕಾಗುತ್ತಿತ್ತು? ಅಂಥ ಅಪಾಯದ ನಡುವೆಯೂ ಇದ್ದ ಒಂದು ಕಿರಿದಾದ ದಾರಿಯನ್ನು ಹುಡುಕಿ ಅದರಲ್ಲಿ ಇಡೀ ಊರನ್ನು ನಡೆಸಿದವರ ಶ್ರಮವನ್ನು, ಬಂಡಾಯದಲ್ಲಿ ಸತ್ತವರ ಪಕ್ಕದಲ್ಲಿಯೇ ನೆನೆಯಬೇಕು ಎಂದಷ್ಟೇ ನನ್ನ ಮಾತು. ಸತ್ತವರಿಗೆ ಸ್ಮಾರಕಗಳಿವೆ. ಅರ್ಜಿ ಬರೆದವರ ಹೆಸರು ಎಷ್ಟು ಜನಕ್ಕೆ ಗೊತ್ತು?

ಸೋಫಿಯಾದ ಅಲೆಕ್ಸಾಂಡರ್ ನೆವ್ಸ್ಕಿ ಕೆಥೆಡ್ರಲ್ ಕಟ್ಟುವವರೆಗೂ ಬಲ್ಗೇರಿಯದ ಅತಿ ದೊಡ್ಡ ಚರ್ಚು ಇದೇ ಆಗಿತ್ತೆಂದು ಇಲ್ಲಿಯವರು ಹೆಮ್ಮೆಯಿಂದ ಹೇಳುತ್ತಾರೆ. ಈ ಮಾತಿನೊಳಗೆ ಅವರೇ ಗಮನಿಸದ ಒಂದು ಸಂಗತಿ ಇದೆ. 1878ರಲ್ಲಿ ಬಲ್ಗೇರಿಯ ಬಿಡುಗಡೆಯಾದರೂ ಬರ್ಲಿನ್ ಒಪ್ಪಂದ ಈ ಕಣಿವೆಯನ್ನು ಸುಲ್ತಾನನಿಗೇ ಮರಳಿಸಿತು. ಬಾನ್ಸ್ಕೊ ಬಲ್ಗೇರಿಯಕ್ಕೆ ಸೇರಿದ್ದು 1912ರ ಬಾಲ್ಕನ್ ಯುದ್ಧದಲ್ಲಿ. ನೆವ್ಸ್ಕಿ ಕೆಥೆಡ್ರಲಿನ ಕಟ್ಟಡ ಮುಗಿದದ್ದೂ 1912ರಲ್ಲೇ. ಎಂದರೆ ಈ ಚರ್ಚು ಅತಿ ದೊಡ್ಡದಾಗಿದ್ದ ಕಾಲವೆಲ್ಲ ಅದು ಬಲ್ಗೇರಿಯ ಎಂಬ ರಾಜ್ಯದೊಳಗೆ ಇರಲೇ ಇಲ್ಲ. 77 ವರ್ಷ ಅದು ಸುಲ್ತಾನನ ನೆಲದಲ್ಲಿ, ಸುಲ್ತಾನನ ಅನುಮತಿಯಲ್ಲಿ ಬಾಳಿತು. ಸ್ವತಂತ್ರ ರಾಜ್ಯವೊಂದು ತನ್ನ ಬೊಕ್ಕಸದ ಬೆಂಬಲದಿಂದ ಇದಕ್ಕಿಂತ ದೊಡ್ಡದನ್ನು ಕಟ್ಟಿ ಮುಗಿಸುವ ಹೊತ್ತಿಗೆ ಮೂರು ತಲೆಮಾರು ಕಳೆದಿದ್ದವು.

ಬಾನ್ಸ್ಕೊದ ಈ ಜಾಣ್ಮೆ ಒಂದು ಊರಿಗೆ ಮುಗಿಯಲಿಲ್ಲ. ಇಲ್ಲಿಯೇ 1793ರಲ್ಲಿ ಹುಟ್ಟಿದ ಸನ್ಯಾಸಿ ನೆಯೊಫಿತ್ ರೀಲ್ಸ್ಕಿ, ಈ ಚರ್ಚು ಮುಗಿದ 1835ರಲ್ಲೇ ಬಲ್ಗೇರಿಯನ್ ಭಾಷೆಯ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದ. ಅದೇ ವರ್ಷ ಗಾಬ್ರೊವೊದಲ್ಲಿ ತೆರೆದ ಹೊಸ ಮಾದರಿಯ ಶಾಲೆಗೆ ಗುರುವಾದ. ದಂಗೆಗೆ ಮೊದಲು ಶಾಲೆ, ಬಂದೂಕಿಗೆ ಮೊದಲು ವ್ಯಾಕರಣ. ಮುಂದೆ ಬಲ್ಗೇರಿಯನ್ನರು ಗ್ರೀಕ್ ಬಿಷಪ್ಪರ ಹಿಡಿತದಿಂದ ಬಿಡಿಸಿಕೊಂಡು ತಮ್ಮದೇ ಚರ್ಚಿನ ಆಡಳಿತ ಬೇಕೆಂದು ದಶಕಗಳ ಕಾಲ ಇಸ್ತಾಂಬುಲಿಗೆ ಅರ್ಜಿ ಸಲ್ಲಿಸಿದರು. 1870ರಲ್ಲಿ ಅದೂ ಬಂದದ್ದು ಒಂದು ಫರ್ಮಾನಿನ ರೂಪದಲ್ಲೇ. ಮೂರರಲ್ಲಿ ಎರಡು ಪಾಲು ಜನ ಒಪ್ಪಿದ ಸೀಮೆಗಳು ಹೊಸ ಆಡಳಿತಕ್ಕೆ ಸೇರಬಹುದೆಂಬ ಮಾತು ಅದರಲ್ಲಿತ್ತು. ಸ್ವಂತ ರಾಜ್ಯ ಹುಟ್ಟುವ ಎಂಟು ವರ್ಷ ಮೊದಲೇ ಬಲ್ಗೇರಿಯನ್ನರ ನಾಡು ಎಲ್ಲಿಯವರೆಗೆ ಎಂಬುದು ಹೀಗೆ ಕಾಗದದ ಮೇಲೆ ಮೂಡತೊಡಗಿತ್ತು.

ಊರಿನಲ್ಲಿ ಇತಿಹಾಸಕಾರ ಸನ್ಯಾಸಿ ಪಾಯಿಸಿಯ ಬಗ್ಗೆ ಬಹಳ ಅಭಿಮಾನ. 1762ರಲ್ಲಿ ಬಲ್ಗೇರಿಯನ್ನರ ಚರಿತ್ರೆ ಬರೆದ ಅವನು ಇಲ್ಲಿಯವನೇ ಎಂದು ಜನ ಹೇಳುತ್ತಾರೆ, ವಿದ್ವಾಂಸರಲ್ಲಿ ಆ ಬಗ್ಗೆ ಒಮ್ಮತವಿಲ್ಲ. ಅವನಿಗೆ ಸಿಗುವ ಗೌರವದಲ್ಲಿ ಒಂದು ಪಾಲು ಲಾಜರ್ ಗೆರ್ಮನನಿಗೂ ಗ್ಲಿಗೊರ್ ಮೇಸ್ತ್ರಿಗೂ ಸಿಗಲಿ ಎಂದು ನನ್ನ ಆಸೆ. ಇಲ್ಲಿಂದ ರೀಲಾಕ್ಕೆ ಹೋಗುತ್ತೇನೆ. ಅಲ್ಲಿನ ಸನ್ಯಾಸಿಗಳು ಸುಲ್ತಾನರು ಕೊಟ್ಟ ಫರ್ಮಾನುಗಳನ್ನು ಕೈಬರಹದ ಸುವಾರ್ತೆಗಳಷ್ಟೇ ಜೋಪಾನವಾಗಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಅವುಗಳ ವಿಚಾರ ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಅಮ್ಮನಿಗೆ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು, ಮಕ್ಕಳಿಗೆ ಆಶೀರ್ವಾದ.

ನಿನ್ನ ಪ್ರೀತಿಯ ತಂಗಿ