ಹೊರಗೋಡೆಯ ಹೊಣೆ

ಮನೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಅದರ ಒಳಗು: ದೇವರ ಗೂಡು, ಅಡುಗೆಮನೆಯ ಕಟ್ಟೆ, ಪುಸ್ತಕದ ಕಪಾಟು, ಕಿಟಕಿಯ ಬಳಿಯ ಕುರ್ಚಿ. ಹೊರಗೋಡೆಯ ನೆನಪು ಬರುವುದು ಅದು ಸೋರತೊಡಗಿದಾಗ ಮಾತ್ರ. ಊರು ಬಿಟ್ಟು ನೌಕರಿಯ ಬೆನ್ನು ಹತ್ತಿದ ನಮ್ಮಂಥವರಿಗೆ ಈ ಮರೆವು ಇನ್ನಷ್ಟು ಸುಲಭ. ಕೇಂದ್ರ ಸರಕಾರದ ವಸತಿಗೃಹಗಳಲ್ಲಿ ಹದಿಮೂರು ವರ್ಷ ಕಳೆದ ನಮಗೆ ಹೊರಗೋಡೆಯೆಂದರೆ ಯಾವುದೋ ಕಡತದಲ್ಲಿನ ಒಂದು ಬಾಬತ್ತು. ಕೆಲವು ವರ್ಷಗಳಿಗೊಮ್ಮೆ ಬಂದು ಬಣ್ಣ ಬಳಿದು ಹೋಗುವವರ ಕೆಲಸ. ಮುಂಬಯಿಯ ಉಪನಗರವೊಂದರಲ್ಲಿ ಸಹಕಾರಿ ಗೃಹನಿರ್ಮಾಣ ಸಂಘದ ಮನೆಯೊಂದನ್ನು ಕೊಂಡ ಮೇಲಷ್ಟೇ ಹೊರಗೋಡೆಗೂ ಒಬ್ಬ ಒಡೆಯನಿರಬೇಕು ಎಂಬ ಯೋಚನೆ ನಮ್ಮಲ್ಲಿ ಹುಟ್ಟಿತು. ಆ ಒಡೆಯ ಯಾರು ಎಂಬುದನ್ನು ಇತ್ಯರ್ಥಪಡಿಸಲು ನಮ್ಮ ಕಟ್ಟಡದ ಇಪ್ಪತ್ತನಾಲ್ಕು ಕುಟುಂಬಗಳಿಗೆ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಹಿಡಿಯಿತು.

ಊರಿನಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ. ಕರಾವಳಿಯ ನಮ್ಮ ಹಿರಿಯರ ಮನೆಯ ಮೂರು ಬದಿ ಮುರಕಲ್ಲಿನದು, ಹಿಂಬದಿಯ ಕೊಟ್ಟಿಗೆಯ ಗೋಡೆ ಮಣ್ಣಿನದು. ಮೇ ತಿಂಗಳು ಮುಗಿಯುವ ಮುನ್ನ ಗಾಳಿಮಳೆ ಬಡಿಯುವ ಬದಿಗೆ ಹೆಣೆದ ಮಡಲಿನ ತಟ್ಟಿ ಕಟ್ಟಲೇಬೇಕು. ಬಿದಿರಿನ ಗಳಕ್ಕೆ ಮಡಲುಗಳನ್ನು ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಕಟ್ಟುತ್ತ ಹೋಗುವುದು. ಮೇಲಿನದರ ನೀರು ಕೆಳಗಿನದರ ಹೊರಮೈಗೆ ಬೀಳಬೇಕು, ಒಳಮೈಗಲ್ಲ. ದೀಪಾವಳಿಯ ಹೊತ್ತಿಗೆ ಕಪ್ಪಗಾದ ತಟ್ಟಿಯನ್ನು ಬಿಚ್ಚಿ ಬಚ್ಚಲ ಒಲೆಗೆ ಹಾಕುವುದು. ಗೋಡೆ ನೂರು ವರ್ಷ ಬಾಳಬೇಕಾದರೆ ಅದರ ಅಂಗಿ ವರ್ಷಕ್ಕೊಮ್ಮೆ ಬದಲಾಗಬೇಕು ಎಂಬುದನ್ನು ಯಾರೂ ನಮಗೆ ಪಾಠವಾಗಿ ಹೇಳಲಿಲ್ಲ. ಅದು ಉಪ್ಪಿನಕಾಯಿ ಹಾಕಿದಂತೆ, ಸೌದೆ ಒಟ್ಟಿದಂತೆ ಋತುವಿನ ಒಂದು ಕೆಲಸವಾಗಿತ್ತು.

ನ್ಯೂಜೆರ್ಸಿಯಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಮರದ ಚೌಕಟ್ಟಿನ ಮನೆಗೆ ವಿನೈಲ್ ಹಲಗೆಗಳ ಹೊದಿಕೆ ಹಾಕಿಸಿದಾಗ ಆ ತಟ್ಟಿಯ ನೆನಪಾಯಿತು. ಅಲ್ಲಿ ಅದಕ್ಕೆ ಸೈಡಿಂಗ್ ಎನ್ನುತ್ತಾರೆ. ಪಿವಿಸಿಯಿಂದ ಮಾಡಿದ, ಸುಮಾರು ಹನ್ನೆರಡೂವರೆ ಅಡಿ ಉದ್ದದ ಹಲಗೆಗಳು. ಕೆಳಗಿನಿಂದ ಮೇಲಕ್ಕೆ ಒಂದಕ್ಕೊಂದು ಕೊಂಡಿಯಾಗುತ್ತ ಹೋಗುತ್ತವೆ. ಚಳಿಗೂ ಬಿಸಿಲಿಗೂ ನಡುವೆ ಅಂಥದೊಂದು ಹಲಗೆ ಅರ್ಧ ಅಂಗುಲದವರೆಗೆ ಹಿಗ್ಗಿ ಕುಗ್ಗುತ್ತದಂತೆ. ಆದ್ದರಿಂದ ಮೊಳೆಯನ್ನು ಬಿಗಿಯಾಗಿ ಹೊಡೆಯುವ ಹಾಗಿಲ್ಲ. ಉದ್ದನೆಯ ಸೀಳಿನ ನಟ್ಟನಡುವೆ ಹೊಡೆದು, ತಲೆಗೂ ಹಲಗೆಗೂ ಕೂದಲೆಳೆಯ ಸಂದು ಬಿಡಬೇಕು. ಬಿಗಿದರೆ ಬೇಸಿಗೆಯಲ್ಲಿ ಹಲಗೆ ಉಬ್ಬಿ ಅಲೆಯಂತಾಗುತ್ತದೆ. ಇನ್ನೊಂದು ಮಾತನ್ನೂ ಅವನು ಹೇಳಿದ: ಆ ಹೊದಿಕೆ ನೀರನ್ನು ಪೂರ್ತಿ ತಡೆಯುವುದೇ ಇಲ್ಲ. ಒಳನುಸುಳಿದ ನೀರನ್ನು ಹಿಂದಿನ ಪೊರೆ ತಡೆದು ಕೆಳಗಿಳಿಸುತ್ತದೆ, ಅಡಿಯ ಸಣ್ಣ ತೂತುಗಳಿಂದ ಅದು ಹೊರಗೆ ಹೋಗುತ್ತದೆ. ನೀರು ಬರುವುದೇ ಇಲ್ಲ ಎಂದುಕೊಂಡು ಕಟ್ಟುವುದಲ್ಲ. ಬಂದರೆ ಹೊರಹೋಗಲು ದಾರಿ ಇಟ್ಟು ಕಟ್ಟುವುದು. ನಮ್ಮ ಹಿರಿಯರ ತಟ್ಟಿಯ ತರ್ಕವೂ ಇದೇ.

ಮುಂಬಯಿಯ ನಮ್ಮ ಕಟ್ಟಡಕ್ಕೆ ಇಂಥ ಅಂಗಿ ಇಲ್ಲ. 1987ರಲ್ಲಿ ಕಟ್ಟಿದ, ನೆಲಮಹಡಿಯ ಮೇಲೆ ಮೂರು ಅಂತಸ್ತಿನ ಕಾಂಕ್ರೀಟು ಚೌಕಟ್ಟು. ನಡುವೆ ಇಟ್ಟಿಗೆ, ಮೇಲೆ ಗಿಲಾವು, ಅದರ ಮೇಲೆ ಬಣ್ಣ. ಊರಿನ ಹೆಂಚಿನ ಮಾಡಿಗಿರುವಂಥ ಅಗಲವಾದ ಇಳಿಚಾಚು ಇಲ್ಲ. ಕಿಟಕಿಗಳ ಮೇಲಿನ ಗೇಣಗಲದ ಸಜ್ಜವೇ ಆಶ್ರಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆ ನೈಋತ್ಯದ ಗಾಳಿಯೊಡನೆ ಓರೆಯಾಗಿ ಬಂದು ಪಡುವಣ ಗೋಡೆಗೆ ಅಪ್ಪಳಿಸುತ್ತದೆ. ಗಾಳಿಯಲ್ಲಿ ಸಮುದ್ರದ ಉಪ್ಪು ಬೇರೆ. ಹೊಸ ಕಾಂಕ್ರೀಟು ತನ್ನ ಕ್ಷಾರಗುಣದಿಂದ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ವರ್ಷಗಳು ಕಳೆದಂತೆ ಗಾಳಿಯ ಇಂಗಾಲದ ಡೈಆಕ್ಸೈಡು ಒಳಸೇರಿ ಆ ಕ್ಷಾರವನ್ನು ಕುಗ್ಗಿಸುತ್ತದೆ. ಆಗ ತೇವವೂ ಉಪ್ಪೂ ಕೂಡಿ ಸರಳಿಗೆ ತುಕ್ಕು ಹಿಡಿಸುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಆ ಒತ್ತಡಕ್ಕೆ ಕಾಂಕ್ರೀಟು ಒಳಗಿನಿಂದಲೇ ಸಿಡಿಯುತ್ತದೆ. ಹೊರಗಿನಿಂದ ಕಾಣುವುದು ಬಣ್ಣದ ಮೇಲೊಂದು ಕಂದು ಗೆರೆ ಮಾತ್ರ.

2018ರ ಜುಲೈ ತಿಂಗಳ ಒಂದು ಮಧ್ಯಾಹ್ನ ಮೂರನೆಯ ಮಹಡಿಯ ಸಜ್ಜದ ತುಂಡೊಂದು ಕಳಚಿ ಕೆಳಗೆ ನಿಂತಿದ್ದ ಸ್ಕೂಟರಿನ ಮೇಲೆ ಬಿತ್ತು. ಮಕ್ಕಳು ಶಾಲೆಯಲ್ಲಿದ್ದ ಹೊತ್ತು. ಸಂಜೆ ನಾಲ್ಕರ ಮೇಲೆ ಅದೇ ಜಾಗದಲ್ಲಿ ನಮ್ಮ ಮಗಳೂ ಸೇರಿ ಎಂಟು ಹತ್ತು ಮಕ್ಕಳು ಆಡುತ್ತಿದ್ದರು. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಪ್ರಕಾರ ಹದಿನೈದರಿಂದ ಮೂವತ್ತು ವರ್ಷದ ಕಟ್ಟಡಕ್ಕೆ 5 ವರ್ಷಕ್ಕೊಮ್ಮೆ, ಮೂವತ್ತು ದಾಟಿದ ಮೇಲೆ 3 ವರ್ಷಕ್ಕೊಮ್ಮೆ ರಚನಾ ತಪಾಸಣೆ ಆಗಬೇಕು. ನಮ್ಮದು ಮೂವತ್ತು ದಾಟಿತ್ತು. ತಪಾಸಣೆಗೆ ಬಂದ ಇಂಜಿನಿಯರ್ ಸಣ್ಣ ಸುತ್ತಿಗೆಯಿಂದ ಗೋಡೆಯನ್ನು ತಟ್ಟುತ್ತ ಹೋದರು. ಗಟ್ಟಿಯಿರುವಲ್ಲಿ ಟಣ್ ಎನ್ನುವ ಗೋಡೆ ಗಿಲಾವು ಬಿಟ್ಟಿರುವಲ್ಲಿ ಮಾಗಿದ ಹಲಸಿನ ಹಣ್ಣನ್ನು ತಟ್ಟಿದಂತೆ ಡಬ್ ಎನ್ನುತ್ತಿತ್ತು. ಪಡುವಣ ಗೋಡೆಯ ಉದ್ದಕ್ಕೂ ಸೀಮೆಸುಣ್ಣದ ಗುರುತುಗಳು ತುಂಬಿದವು.

ವಿಶೇಷ ಸರ್ವಸದಸ್ಯರ ಸಭೆಯಲ್ಲಿ ಎರಡು ಯೋಜನೆಗಳು ಎದುರಾದವು. ಒಂದು, ಸಡಿಲಾದುದೆಲ್ಲವನ್ನೂ ಕೆತ್ತಿ, ಸರಳುಗಳನ್ನು ದುರಸ್ತಿ ಮಾಡಿ, ಹೊಸ ಗಿಲಾವು ಹಾಕಿ ಬಣ್ಣ ಬಳಿಯುವುದು. ಇನ್ನೊಂದು, ರಸ್ತೆಗೆ ಕಾಣುವ ಮುಂಭಾಗಕ್ಕೆ ಅಲ್ಯೂಮಿನಿಯಂ ಮಿಶ್ರ ಹಲಗೆಗಳ ಹೊದಿಕೆ ಹಾಕಿ, ಉಳಿದ ಬದಿಗಳಿಗೆ ತೇಪೆ ಹಚ್ಚುವುದು. ಎರಡನೆಯದಕ್ಕೆ ಕಿರಿಯರ ಒಲವು. ಬಣ್ಣದ ತಾಪತ್ರಯವಿಲ್ಲ, ಕಟ್ಟಡ ಹೊಸದರಂತೆ ಕಾಣುತ್ತದೆ, ಮನೆಗಳ ಬೆಲೆ ಏರುತ್ತದೆ ಎಂಬ ವಾದ. ಇಂಗ್ಲಿಷಿನಲ್ಲಿ ಕಟ್ಟಡದ ಮುಂಭಾಗಕ್ಕೆ ಫಸಾಡ್ ಎಂಬ ಮಾತಿದೆ. ಮುಖ ಎಂಬರ್ಥದ ಮೂಲದಿಂದ ಬಂದ ಆ ಪದಕ್ಕೆ ಬರಿಯ ತೋರಿಕೆ ಎಂಬ ಅರ್ಥವೂ ಸೇರಿಕೊಂಡಿದೆ. ಸಭೆಯಲ್ಲಿ ನಮಗೆ ಆ ಎರಡನೆಯ ಅರ್ಥವೇ ಕಾಡುತ್ತಿತ್ತು.

ನಮ್ಮ ಆಕ್ಷೇಪ ಮೂರು. ಸಿಡಿಯುತ್ತಿರುವ ಗೋಡೆಯನ್ನು ಮುಚ್ಚಿದರೆ ಸಿಡಿಯುವುದು ನಿಲ್ಲುವುದಿಲ್ಲ. ಕಾಣುವುದು ಮಾತ್ರ ನಿಲ್ಲುತ್ತದೆ. ಹಲಗೆ ನಿಲ್ಲಿಸಲು ಗೋಡೆಗೆ ನೂರಾರು ತೂತು ಕೊರೆಯಬೇಕು. ಆ ಮೊಳೆಗಳು ಕಚ್ಚಿಕೊಳ್ಳಬೇಕಾದ ಕಾಂಕ್ರೀಟೇ ಸಡಿಲವಾಗಿದೆ. ಮೂರನೆಯದು ಬೆಂಕಿ. ಹಿಂದಿನ ವರ್ಷವಷ್ಟೇ, 2017ರ ಜೂನ್ 14ರಂದು, ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಅಂತಸ್ತಿನ ವಸತಿ ಕಟ್ಟಡ ಉರಿದು 72 ಜನ ಸತ್ತಿದ್ದರು. ಒಂದು ಮನೆಯ ಅಡುಗೆಕೋಣೆಯಲ್ಲಿ ಹುಟ್ಟಿದ ಬೆಂಕಿ ಗೋಡೆಯ ಹೊರಗೆ ಹತ್ತಿ ಮೇಲೇರಿದ್ದು ನವೀಕರಣದ ವೇಳೆ ಹೊದಿಸಿದ್ದ ಇಂಥ ಹಲಗೆಗಳ ಮೂಲಕವೇ. ಅಲ್ಯೂಮಿನಿಯಂ ತಗಡುಗಳ ನಡುವೆ ಉರಿಯುವ ಪಾಲಿಥೀನಿನ ತಿರುಳಿತ್ತು. ಬೆಂಕಿ ತಡೆಯುವ ತಿರುಳಿನ ಹಲಗೆಗಳೂ ಸಿಗುತ್ತವೆ. ಆದರೆ ನಮ್ಮ ಮುಂದಿದ್ದ ದರಪಟ್ಟಿಯಲ್ಲಿ ತಿರುಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದನ್ನು ತೋರಿಸಿದ ಮೇಲೆ ಹೊದಿಕೆಯ ಮಾತು ತಣ್ಣಗಾಯಿತು.

ಆಮೇಲೆ ಎದ್ದದ್ದು ನಿಜವಾದ ಜಗಳ, ಹಣದ್ದು. ಅಂದಾಜು 36 ಲಕ್ಷ ರೂಪಾಯಿ. ನಿಧಿಯಲ್ಲಿದ್ದದ್ದು 9 ಲಕ್ಷ. ಉಪವಿಧಿಯಂತೆ ವರ್ಷಕ್ಕೆ ಕನಿಷ್ಠ ಶೇಕಡ 0.75 ದುರಸ್ತಿ ನಿಧಿಗೆ, 0.25 ಸಿಂಕಿಂಗ್ ಫಂಡಿಗೆ ಕೊಡಬೇಕು. ನಾವೆಲ್ಲ ತಪ್ಪದೆ ಕೊಟ್ಟೇ ಬಂದವರು. ಆದರೆ ಆ ಶೇಕಡಾವಾರು ಲೆಕ್ಕ ಮನೆಯ ನಿರ್ಮಾಣವೆಚ್ಚದ ಮೇಲೆ. 1987ರ ವೆಚ್ಚದ ಮೇಲೆ ಕಟ್ಟಿದ ಕಂತು 2018ರ ಗಾರೆಗೆ ಎಲ್ಲಿಗೆ ಸಾಕು? ಉಳಿದ 27 ಲಕ್ಷಕ್ಕೆ ಚದರಡಿಗೆ 225 ರೂಪಾಯಿಯಂತೆ 400 ಚದರಡಿಯ ಮನೆಗೆ 90,000, ನಮ್ಮಂಥ 600 ಚದರಡಿಯ ಮನೆಗೆ 1,35,000.

ಮೂಡಣ ಬದಿಯವರು ಎದ್ದು ನಿಂತರು. ತಮ್ಮ ಗೋಡೆ ಒಣಗಿದೆ, ಪಡುವಣದವರ ಸೋರಿಕೆಗೆ ತಾವೇಕೆ ತೆರಬೇಕು ಎಂದರು. ನಮ್ಮದೂ ಮೂಡಣ ಬದಿಯ ಮನೆಯೇ. ಆದುದರಿಂದ ಉತ್ತರ ಹೇಳುವುದು ನಮಗೆ ಹೆಚ್ಚು ಸಲ್ಲುತ್ತಿತ್ತು. ಬಚ್ಚಲಿನಿಂದ ಕೆಳಮನೆಗೆ ಸೋರಿದರೆ ಅದು ಆ ಮನೆಯವರ ಹೊಣೆ. ಹೊರಗೋಡೆಯಿಂದ, ತಾರಸಿಯಿಂದ, ಹೊರಕೊಳವೆಯಿಂದ ಬಂದ ಮಳೆನೀರು ಇಡೀ ಸಂಘದ ಹೊಣೆ ಎಂದು ಉಪವಿಧಿ ಹೇಳುತ್ತದೆ. ಅದನ್ನು ಓದಿದೆವು. ಜೊತೆಗೆ ಒಂದು ಮಾತು ಸೇರಿಸಿದೆವು: ನಮ್ಮ ಗೋಡೆ ಒಣಗಿರುವುದು ನಮ್ಮ ಸಾಮರ್ಥ್ಯದಿಂದಲ್ಲ, ನಮ್ಮ ಪಾಲಿನ ಮಳೆಯನ್ನೂ ಆ ಬದಿಯವರ ಗೋಡೆ ತಡೆದುಕೊಂಡಿದೆ.

ಮೂರನೆಯ ಮಹಡಿಯ ಪಡುವಣ ಮೂಲೆಯಲ್ಲಿ ಕುಟುಂಬ ಪಿಂಚಣಿಯ ಮೇಲೆ ಬದುಕುವ ಒಬ್ಬ ಆಜಿ ಇದ್ದರು. ನಾಲ್ಕು ಮಳೆಗಾಲಗಳಿಂದ ಅವರ ಮಂಚ ಕೋಣೆಯ ನಡುವಿನಲ್ಲಿತ್ತು; ಗೋಡೆಗೆ ತಾಗಿಸಿದರೆ ಹಾಸಿಗೆ ಒದ್ದೆ. ಅವರಿಗೆ ಪೂರ್ತಿ ವಿನಾಯಿತಿ ಕೊಡೋಣ ಎಂದು ಕಾರ್ಯದರ್ಶಿಗಳು ಸೂಚಿಸಿದರು. ಆಜಿ ಒಪ್ಪಲಿಲ್ಲ. ಗೋಡೆಯಲ್ಲಿ ತನಗೂ ಪಾಲಿದೆ, ಹಣ ಕೊಡುತ್ತೇನೆ, ಒಮ್ಮೆಗೇ ಕೊಡಲಾರೆ ಅಷ್ಟೆ ಎಂದರು. ತಿಂಗಳಿಗೆ 5,000ದಂತೆ ಹದಿನೆಂಟು ಕಂತು ಎಂದು ಸಭೆ ಒಪ್ಪಿತು. ಬೇರೆ ಮೂರು ಕುಟುಂಬಗಳು, ಅಷ್ಟರವರೆಗೆ ಬಾಯಿ ಬಿಡದಿದ್ದವರು, ತಮಗೂ ಕಂತು ಬೇಕೆಂದು ಆಗ ಕೈಯೆತ್ತಿದವು. ಕೂಡಲೇ ಕೊಡಬಲ್ಲವರು ಪೂರ್ತಿ ಕೊಟ್ಟೆವು. ಮಗಳ ಮುಂದಿನ ಓದಿಗೆಂದು ಇಟ್ಟ ಠೇವಣಿಯೊಂದನ್ನು ನಾವು ಮುರಿಯಬೇಕಾಯಿತು; ಅದರ ಬಗ್ಗೆ ಮನೆಯಲ್ಲಿ ಎರಡು ರಾತ್ರಿ ಮಾತು ನಡೆದಿತ್ತು. ಸಜ್ಜ ಬಿದ್ದ ಜಾಗದಲ್ಲಿ ಆಡುತ್ತಿದ್ದವಳೂ ಅವಳೇ ಎಂಬುದು ಆ ಮಾತನ್ನು ಮುಗಿಸಿತು.

ನವೆಂಬರಿನಲ್ಲಿ ಬಿದಿರಿನ ಸಾರವೆ ಎದ್ದಿತು. ಆರು ತಿಂಗಳು ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಸಡಿಲ ಕಾಂಕ್ರೀಟನ್ನು ಕೆತ್ತಿ, ಸರಳಿನ ತುಕ್ಕನ್ನು ತಂತಿಕುಂಚದಿಂದ ಉಜ್ಜಿ, ತುಕ್ಕುನಿರೋಧಕ ಲೇಪ ಕೊಟ್ಟು, ಪಾಲಿಮರ್ ಬೆರೆಸಿದ ಗಾರೆಯಿಂದ ತುಂಬಿದರು. ಕೊಳವೆಯ ಸಂದಿನಲ್ಲಿ ಬೆಳೆದಿದ್ದ ಅರಳಿ ಸಸಿಯನ್ನು ಕಡಿಯಲು ಕೆಲಸಗಾರರು ಒಲ್ಲೆವೆಂದರು. ಕೊನೆಗೆ ಕೈಮುಗಿದು, ಬಿಡಿಸಿ, ಕುಂಡದಲ್ಲಿಟ್ಟರು. ಗಿಲಾವಿನ ಅಡಿಯಲ್ಲಿ ಅದರ ಬೇರು ನಾಲ್ಕು ಅಡಿ ಓಡಿತ್ತು. ಗಿಲಾವನ್ನು ಎರಡು ಪದರದಲ್ಲಿ ಹಾಕಿ ಏಳು ದಿನ ನೀರುಣಿಸುವ ಕೆಲಸವನ್ನು ನಿವೃತ್ತರು ಸರದಿಯಂತೆ ಕಾವಲು ಕಾದರು. ಗುತ್ತಿಗೆದಾರ ಮರುವಾರವೇ ಬಣ್ಣಕ್ಕೆ ಅವಸರ ಮಾಡಿದಾಗ ನಾಲ್ಕು ವಾರ ಒಣಗಲಿ ಎಂದು ಸಮಿತಿ ಪಟ್ಟು ಹಿಡಿಯಿತು. ಹಸಿ ಗಿಲಾವಿನ ತೇವಕ್ಕೂ ಕ್ಷಾರಕ್ಕೂ ಬಣ್ಣ ನಿಲ್ಲುವುದಿಲ್ಲ. ಬಣ್ಣಗಳಲ್ಲಿ ಸಿಮೆಂಟು ಬಣ್ಣ ಅಗ್ಗ, ಬೇಗ ಪುಡಿಯಾಗುತ್ತದೆ. ಅಕ್ರಿಲಿಕ್ ಹೆಚ್ಚು ಬಾಳುತ್ತದೆ. ಹಿಗ್ಗುವ ಗುಣದ ಎಲಾಸ್ಟೊಮೆರಿಕ್ ಬಣ್ಣ ಕೂದಲೆಳೆಯ ಬಿರುಕುಗಳ ಮೇಲೆ ಹರಿಯದೆ ನಿಲ್ಲುತ್ತದೆ. ಮೂರು ಬದಿಗೆ ಅಕ್ರಿಲಿಕ್, ಪಡುವಣಕ್ಕೆ ಎಲಾಸ್ಟೊಮೆರಿಕ್ ಎಂದಾಯಿತು. ಬಿಸಿಲನ್ನು ಹೀರದ ತಿಳಿ ಬಣ್ಣವೇ ಇರಲೆಂದು ಎಲ್ಲರೂ ಒಪ್ಪಿದರು. ಯಾವ ತಿಳಿ ಬಣ್ಣ ಎಂಬುದಕ್ಕೆ ಮಾತ್ರ ಇನ್ನೊಂದು ಸಭೆ ಬೇಕಾಯಿತು.

ಮರುವರ್ಷದ ಮಳೆಯೇ ಪರೀಕ್ಷೆ ತೆಗೆದುಕೊಂಡಿತು. 2019ರ ಜುಲೈ 2ರ ಬೆಳಗ್ಗಿಗೆ ಮುಗಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸಾಂತಾಕ್ರೂಜಿನ ಮಾಪನಕೇಂದ್ರದಲ್ಲಿ 375 ಮಿಲಿಮೀಟರ್ ಮಳೆ ದಾಖಲಾಯಿತು. ಸಮಿತಿಯವರು ಬೆಳಗ್ಗೆಯೇ ಪಡುವಣ ಬದಿಯ ಹನ್ನೆರಡು ಮನೆಗಳ ಗೋಡೆಗೂ ಕೈಯಿಟ್ಟು ನೋಡಿದರು. ಹನ್ನೊಂದು ಒಣಗಿದ್ದವು. ಹನ್ನೆರಡನೆಯದರಲ್ಲಿ, ಬಣ್ಣ ಮುಗಿದ ಮೇಲೆ ಎಸಿಯ ಕೊಳವೆಗೆಂದು ಕೊರೆಸಿ ಹಾಗೆಯೇ ಬಿಟ್ಟ ತೂತಿನಿಂದ ನೀರು ಇಳಿದಿತ್ತು. ಆಜಿಯ ಮಂಚ ಗೋಡೆಯ ಬಳಿಗೆ ಮರಳಿದ್ದನ್ನು ಅಂದೇ ಕಂಡೆವು.

ಆ ತೂತಿನಿಂದಲೇ ಪಾಲನೆಯ ನಿಯಮಗಳು ಹುಟ್ಟಿದವು. ಸಮಿತಿಯ ಒಪ್ಪಿಗೆಯಿಲ್ಲದೆ ಹೊರಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಕೊರೆದ ತೂತನ್ನು ಅಂದೇ ಮುಚ್ಚಬೇಕು, ಕೊಳವೆ ಹೊರಮುಖವಾಗಿ ಇಳಿಜಾರಿರಬೇಕು. ಏಪ್ರಿಲಿನಲ್ಲಿ ತಾರಸಿಯ ನೀರಿಂಡಿಗಳನ್ನು ಬಿಡಿಸಿ, ಸಜ್ಜಗಳ ಮೇಲಿನ ಕಸ ತೆಗೆದು, ಕೂದಲೆಳೆಯ ಬಿರುಕುಗಳನ್ನು ತುಂಬುವುದು. ದೀಪಾವಳಿಯ ಮೇಲೆ ಪಾಚಿ ಹಿಡಿದಲ್ಲಿ ಬ್ಲೀಚಿಂಗ್ ಪುಡಿಯ ನೀರಿನಿಂದ ಮೆತ್ತಗೆ ಉಜ್ಜಿ ತೊಳೆಯುವುದು. ಎಲ್ಲಿ ಮೊಳಕೆ ಕಂಡರೂ ಎರಡೆಲೆಯಿರುವಾಗಲೇ ಕೀಳುವುದು. ಜೊತೆಗೆ, ನಿಧಿಯ ಕಂತನ್ನು ಉಪವಿಧಿಯ ಕನಿಷ್ಠಕ್ಕೆ ನಿಲ್ಲಿಸದೆ ಚದರಡಿಗೆ ತಿಂಗಳಿಗೆ 2 ರೂಪಾಯಿಗೆ ಏರಿಸಿದೆವು. ಅದಕ್ಕೆ ಹೆಚ್ಚು ಹೋರಾಟ ಬೇಕಾಗಲಿಲ್ಲ.

ಈಗ ಪಡುವಣ ಗೋಡೆಯ ಬಣ್ಣ ಮಂಕಾಗಿದೆ. ಕೈಯಾಡಿಸಿದರೆ ಬೆರಳಿಗೆ ಬಿಳಿಪುಡಿ ಹತ್ತುತ್ತದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮರುಬಣ್ಣದ ವಿಷಯ ಮೂರನೆಯದು. ಈ ಸಲ ಹಣ ನಿಧಿಯಲ್ಲಿದೆ, ಯಾರೂ ಠೇವಣಿ ಮುರಿಯಬೇಕಿಲ್ಲ. ಆಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ಅವರ ಹದಿನೆಂಟು ಕಂತುಗಳೂ ಸಂದ ರಸೀದಿಗಳು ಸಂಘದ ಕಡತದಲ್ಲಿವೆ. ಆ ಮನೆಗೆ ಈಗ ಬಂದಿರುವ ಎಳೆಯ ದಂಪತಿಗಳು ಮಗುವಿನ ತೊಟ್ಟಿಲನ್ನು ಪಡುವಣ ಗೋಡೆಗೇ ತಾಗಿಸಿ ಇಟ್ಟಿದ್ದಾರೆ.